ಕೆಂಡ ಕೊಟ್ಟ ಮನೆ

ಮಂಡ್ಯ
೮ ನವೆಂಬರ್ ೧೯೪೩

ಗೆಳೆಯ ಲಿಂಗಯ್ಯನಿಗೆ ಮಹದೇವಯ್ಯ ಮಾಡುವ ನಮಸ್ಕಾರ.

ಈ ಕೈಬರಹ ನೋಡಿದ ಕೂಡಲೇ ನೀನು ಕಾಗದವನ್ನು ಒಲೆಗೆ ಹಾಕದಿದ್ದರೆ ಸಾಕು, ಉಳಿದದ್ದನ್ನು ಮೆಲ್ಲಗೆ ಹೇಳುತ್ತೇನೆ. ನಿನ್ನ ತಂಗಿ ಮಂಚಮ್ಮನ ಮದುವೆಯ ಚಪ್ಪರದಿಂದ ಉಣ್ಣದೆ ಎದ್ದು ಬಂದವನು ನಾನು. ಅಲ್ಲಿಂದೀಚೆಗೆ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯುತ್ತಿರುವುದು ಸರ್ಕಾರದ ಕೆಲಸಕ್ಕೆ.

ನಾನೀಗ ಇಲ್ಲಿ ಆಹಾರದ ಕಚೇರಿಯಲ್ಲಿ ಗುಮಾಸ್ತ. ಯಾರಿಗೆ ಅಗ್ಗದ ರಾಗಿಯ ಚೀಟಿ ಕೊಡಬೇಕು, ಯಾರಿಗೆ ಬೇಡ ಎಂದು ತಿಳಿಯಲು ಹೋದ ವರ್ಷ ಮನೆಮನೆಗೂ ಜನರನ್ನು ಕಳಿಸಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ವರಮಾನ ಎಷ್ಟು?" ನಾಲ್ಕು ಜೊತೆ ಎತ್ತು ಕಟ್ಟಿದವನೂ "ಏನೂ ಇಲ್ಲ ಸ್ವಾಮಿ" ಎಂದ, ಕೂಲಿ ಮಾಡುವವನೂ "ಏನೂ ಇಲ್ಲ ಸ್ವಾಮಿ" ಎಂದ. ಕೊನೆಗೆ ಯಾರು ಜೋರಾಗಿ ಅತ್ತರೋ ಅವರಿಗೆ ಚೀಟಿ ಸಿಕ್ಕಿತು. ಅಳಲು ನಾಚಿಕೊಂಡವರು ಸೊಪ್ಪು ತಿಂದುಕೊಂಡು ಕೂತರು.

ಪ್ರಶ್ನೆಗಳನ್ನು ಹೊಸದಾಗಿ ಹೂಡು ಎಂದು ನಮ್ಮ ಸಾಹೇಬರು ನನಗೆ ಹೇಳಿದ್ದಾರೆ. ವರಮಾನ ಕೇಳುವುದನ್ನು ಬಿಟ್ಟು, ಮನೆಯ ಕಾಳು ಎಷ್ಟು ತಿಂಗಳಿಗೆ ಬರುತ್ತದೆ, ನಿನ್ನೆ ಏನು ಬೇಯಿತು, ಎಷ್ಟು ಜನ ಉಂಡರು ಎಂದು ಕೇಳಬೇಕೆಂದಿದ್ದೇನೆ. ಮೊದಲು ಸೋಮನಹಳ್ಳಿಯಲ್ಲಿ ಮತ್ತು ನಿಮ್ಮ ಬಂಡೂರಿನಲ್ಲಿ ಕೇಳಿ ನೋಡುವುದು. ನಿನ್ನ ಮಾತಿಗೆ ಊರಿನಲ್ಲಿ ಬೆಲೆಯಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ನಾಲ್ಕು ಜನಕ್ಕೆ ಹೇಳು.

ಮನೆಯಲ್ಲಿ ಎಲ್ಲರೂ ಕ್ಷೇಮವೇ? ಎಲ್ಲರೂ ಎಂದರೆ ಎಲ್ಲರೂ.

ಇಂತಿ,
ಮಹದೇವಯ್ಯ


ಬಂಡೂರು, ಮಳವಳ್ಳಿ ತಾಲ್ಲೂಕು
೨೧ ನವೆಂಬರ್ ೧೯೪೩

ಮಹದೇವಯ್ಯನಿಗೆ,

ಉಭಯ ಕುಶಲೋಪರಿ ಎಂದು ಶುರುಮಾಡುವುದು ವಾಡಿಕೆ. ಆದರೆ ನನ್ನ ಕುಶಲ ಈ ಸಲ ಸರ್ಕಾರಕ್ಕೆಂದು ನಮ್ಮ ಕಾಳು ಎತ್ತುವ ನಿಮ್ಮ ಲೆವಿ ಗಾಡಿ ಎಷ್ಟು ಹೊರುತ್ತದೆ ಎಂಬುದರ ಮೇಲೆ ನಿಂತಿದೆ, ನಿನ್ನದು ನಿನ್ನ ಸಾಹೇಬರ ಮುಖದ ಮೇಲೆ. ಹಾಗಾಗಿ ಆ ಮಾತು ಬಿಟ್ಟೆ.

ಹೋದ ವರ್ಷ ನಿಮ್ಮವರು ಬಂದು ಕಣಜ ಇಣುಕಿ ನೋಡಿ, "ಸುಮ್ನೆ ಲೆಕ್ಕಕ್ಕೆ ಕಣ್ರಪ್ಪ" ಎಂದರು. ಆ ಲೆಕ್ಕದ ಮಸಿ ಒಣಗುವ ಮೊದಲೇ ಗಾಡಿಗಳು ಬಂದು ನಿಂತವು. ತಿನ್ನಲು ಇಷ್ಟು ಸಾಕು ಎಂದು ಬಾಯಿಯೆಣಿಸಿ ಬಿಟ್ಟು, ಮಿಕ್ಕ ರಾಗಿಯನ್ನು ಅಳೆದುಕೊಂಡು ಹೋದರು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಿನ್ನ ಹೊಸ ಪ್ರಶ್ನೆಗಳ ವಿಷಯ ಅರಳಿಕಟ್ಟೆಯಲ್ಲಿ ಹೇಳಿದೆ. ಬೋರಯ್ಯ ಏನೆಂದ ಗೊತ್ತೆ? "ನೆನ್ನೆ ಏನುಂಡೆ ಅಂತ ಇವತ್ತು ಕೇಳ್ತಾರೆ, ನಾಳೀಕೆ ಯಾಕುಂಡೆ ಅಂತ ಕೇಳ್ತಾರೆ ಕಣ್ಲಾ" ಎಂದ. ಯಾರೂ ನಗಲಿಲ್ಲ. ಕುರಿಯವರಂತೂ ಆಗಲೇ ಹಿಂಡುಗಳನ್ನು ಮುತ್ತತ್ತಿ ಕಾಡಿನ ಕಡೆಗೆ ಹೊಡೆದಿದ್ದಾರೆ. ಪಲ್ಟನ್ನಿನ ಸಿಪಾಯಿಗಳಿಗೆ ಬಂಡೂರು ಕುರಿಯೇ ಬೇಕಂತೆ, ಅದಕ್ಕೇ ಈ ಎಣಿಕೆ ಎಂದು ಸುದ್ದಿ.

ನನಗೆ ಬೇರೆಯೇ ಅನುಮಾನ. ತಾಲ್ಲೂಕಿನಲ್ಲಿ ಇಷ್ಟೊಂದು ಊರುಗಳಿರುವಾಗ ಬಂಡೂರೇ ಯಾಕೆ? ನಮ್ಮ ಮನೆಯಲ್ಲಿ ಇದ್ದುಕೊಂಡು, ನಮ್ಮವ್ವ ತಿರುವಿದ ರಾಗಿ ಹಿಟ್ಟು ಉಂಡು, ಮಳವಳ್ಳಿ ಸ್ಕೂಲಿಗೆ ಹೋದವನು ನೀನು. ನಮ್ಮ ಕಣಜ ಎಷ್ಟು ಹಿಡಿಯುತ್ತದೆ ಎಂದು ನಿನಗೆ ಯಾರೂ ಹೇಳಬೇಕಾಗಿಲ್ಲ. ಹಾಗಾದರೆ ನೀನು ಕೇಳಲು ಬರುತ್ತಿರುವುದು ಏನನ್ನು?

ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಿನಗೆ ಬೇಕಾದವರೂ.

ಲಿಂಗಯ್ಯ


ಮಂಡ್ಯ
೨ ಡಿಸೆಂಬರ್ ೧೯೪೩

ಲಿಂಗಯ್ಯ,

ನೀನು ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಂಡೂರನ್ನು ಆರಿಸಿದವನು ನಾನೇ.

ದೀಪಾವಳಿಗೆ ಮೊದಲು ಮಳವಳ್ಳಿ ಸಂತೆಯಲ್ಲಿ ನಿಮ್ಮೂರಿನ ಕರಿಸಿದ್ದಯ್ಯ ಸಿಕ್ಕಿದ್ದ. ಮಂಚಮ್ಮನ ಗಂಡ ತೀರಿಕೊಂಡದ್ದು, ಮದ್ದೂರಿನ ಆ ಗದ್ದೆಯವರ ಮನೆಯಿಂದ ಅವಳನ್ನು ಕಳಿಸಿಬಿಟ್ಟದ್ದು ನನಗೆ ಮೊದಲೇ ಗೊತ್ತಿತ್ತು. ಅವಳು ಹೇಗಿದ್ದಾಳೆ ಎಂದು ಕೇಳಿದೆ. "ಅಣ್ಣನ ಅಟ್ಟೀಲೇ ಅವ್ಳೆ ಕಣಪ್ಪ. ಆದ್ರೆ ಕೊಟ್ಗೆ ಇಂದೆ ಬ್ಯಾರೆ ಬೇಯಿಸ್ಕತಾಳೆ. ಅವ್ರಿವ್ರ ಅಟ್ಟೀಲಿ ಬತ್ತ ಕುಟ್ಟಿ ನುಚ್ಚು ತತ್ತಾಳೆ" ಎಂದ. ಅದನ್ನು ಕೇಳಿ ಸಂತೆಯಲ್ಲಿ ಏನೂ ಕೊಳ್ಳದೆ ಬಂದೆ.

ನಮ್ಮ ಈಗಿನ ನಿಯಮ ಹೀಗಿದೆ. ಒಂದು ಬಾಗಿಲೆಂದರೆ ಒಂದು ಮನೆ. ನಿನ್ನದು ಲೆವಿ ಕೊಡುವ ಮನೆ, ಆದ್ದರಿಂದ ಆ ಬಾಗಿಲೊಳಗಿನ ಯಾರಿಗೂ ಅಗ್ಗದ ರಾಗಿ ಇಲ್ಲ. ಸರ್ಕಾರದ ಕಣ್ಣಿಗೆ ಮಂಚಮ್ಮ ತುಂಬಿದ ಕಣಜಕ್ಕೆ ಒರಗಿಕೊಂಡು ಕೂತಿದ್ದಾಳೆ. ಅದಕ್ಕೇ ನಾನು ಹೊಸ ಕಾಗದದಲ್ಲಿ ಬಾಗಿಲನ್ನು ತೆಗೆದು ಒಲೆಯನ್ನು ಹಾಕಿದ್ದೇನೆ. "ಈ ಮನೆಯಲ್ಲಿ ಒಲೆ ಎಷ್ಟು?" ಎಂದು ಕೇಳುತ್ತೇವೆ. ಒಲೆಗೊಂದು ಚೀಟಿ. ಕೊಟ್ಟಿಗೆಯ ಹಿಂದೆ ಎರಡನೆಯ ಒಲೆ ಇದೆ ಎಂದು ನೀನು ಒಂದು ಮಾತು ಹೇಳಿದರೆ ಆಯಿತು, ಅವಳ ಹೊಟ್ಟೆ ತುಂಬುತ್ತದೆ.

ಇಂತಿ,
ಮಹದೇವಯ್ಯ


ಬಂಡೂರು
೯ ಡಿಸೆಂಬರ್ ೧೯೪೩

ಮಹದೇವಯ್ಯನಿಗೆ,

ನಿನ್ನ ಕಾಗದವನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಒಳಗಿನವರಿಗೂ ಕೇಳಲಿ ಎಂದೇ ಓದಿದೆ.

ಈಗ ತಿಳಿಯಿತು. ಅಂದು ನಿಮ್ಮಪ್ಪ ಹೆಣ್ಣು ಕೇಳಲು ಬಂದಾಗ ನಮ್ಮಪ್ಪ ಹೇಳಿದ ಮಾತು ನಿನ್ನ ಎದೆಯಲ್ಲಿ ಇನ್ನೂ ಕೂತಿದೆ. "ನಿಮ್ ಅಟ್ಟೀಲಿ ಉಣ್ಣಕ್ಕೆ ಗತಿ ಇಲ್ಲ, ನನ್ ಮಗಳನ್ನ ಎಂಗೆ ಕೊಡ್ಲಾ?" ಎಂದಿದ್ದ. ಈಗ ನಮ್ಮ ಮನೆಯಲ್ಲಿ ಉಣ್ಣಲು ಗತಿಯಿಲ್ಲ ಎಂದು ಸರ್ಕಾರದ ಮೊಹರು ಹಾಕಿಸಿ ಬರೆಸಬೇಕು ನಿನಗೆ. ಸಾಹೇಬರಿಗೆ ಪ್ರಶ್ನೆ ಹೂಡಿಕೊಡುವ ನೆಪದಲ್ಲಿ ನನಗೆ ಬಲೆ ಹೂಡುತ್ತಿದ್ದೀಯ.

ಇನ್ನೊಂದು ಮಾತು. ಮಂಚಮ್ಮನ ಒಲೆ ಬೇರೆ ಎಂದಾದರೆ ನಮ್ಮ ಮನೆಯಲ್ಲಿ ಒಂದು ಬಾಯಿ ಕಡಿಮೆ. ನಮಗೆ ಬಿಡುವ ಕಾಳು ಅಷ್ಟು ಕಡಿಮೆ, ಗಾಡಿಗೆ ಅಷ್ಟು ಹೆಚ್ಚು. ಇಂದು ಒಲೆ ಬೇರೆ ಎನ್ನುತ್ತೀರಿ, ನಾಳೆ ಹೊಲವೂ ಬೇರೆ ಎನ್ನುತ್ತೀರಿ. ನನಗೇನು ಕಿವಿಯಲ್ಲಿ ಹೂವು ಇಟ್ಟಿದೆಯೇ?

ಕಳಿಸುವವರನ್ನು ಕಳಿಸು. ಕೇಳಿದ್ದಕ್ಕೆ ಉತ್ತರ ಸಿಗುತ್ತದೆ.

ಲಿಂಗಯ್ಯ


ಮಂಡ್ಯ
೧೯ ಜನವರಿ ೧೯೪೪

ಲಿಂಗಯ್ಯ,

ನನಗೂ ಹೆಂಡತಿ ಮಕ್ಕಳಿದ್ದಾರೆ. ಹಳೆಯದನ್ನು ಕೆದಕಲು ಬಿಡುವಿಲ್ಲ ಎಂದುಕೊಂಡೇ ಬಂಡೂರಿಗೆ ಬಂದೆ. ಬರಬಾರದಾಗಿತ್ತು.

ನೀನು ನನಗೆ ನೀರು ಕೊಡಿಸಿದೆ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡೆ. ಕಾಗದ ತುಂಬುತ್ತಿದ್ದ ನಮ್ಮ ಜವರಯ್ಯ "ಒಲೆ ಎಷ್ಟು ಯಜಮಾನ್ರೇ?" ಎಂದು ಕೇಳಿದ. ನೀನು "ಒಂದು" ಎಂದೆ. ಕಣ್ಣು ಕೂಡ ಮಿಟುಕಿಸಲಿಲ್ಲ. ಆಗ ನಾನೇ ಬಾಗಿಲ ಕಡೆ ತಿರುಗಿ, "ಒಳಗಿರುವವರು ಹೇಳಲಿ, ಒಲೆ ಎಷ್ಟು?" ಎಂದೆ. ಬಾಗಿಲ ಹಿಂದಿನಿಂದ ಮಂಚಮ್ಮನ ದನಿ ಬಂತು: "ಒಂದೇ ಕಣ್ರಪ್ಪ." ಎಷ್ಟೋ ವರ್ಷಗಳ ಮೇಲೆ ಆ ದನಿ ಕೇಳಿದ್ದು, ಅದೂ ಸುಳ್ಳು ಹೇಳುವಾಗ. ಅದೇ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ನಿನಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು.

ನಿಮ್ಮೂರಿನಲ್ಲಿ ಹಿತ್ತಲಲ್ಲಿ ಹೊಗೆಯಾಡುವ ಮನೆಗಳು ಇನ್ನೂ ಹಲವು ಇವೆ. ಎಲ್ಲಿ ಕೇಳಿದರೂ ಒಂದೇ ಉತ್ತರ, "ಒಂದು". ಊರಿಗೆ ಊರೇ ಮಾತಾಡಿಕೊಂಡಿದೆ, ಮಾತಾಡಿಸಿದವನು ನೀನು. ಹಸಿದ ಹೆಣ್ಣಿನ ಬಾಯಲ್ಲೇ ಹಸಿವಿಲ್ಲ ಎಂದು ಹೇಳಿಸಿದೆಯಲ್ಲ, ನಿನ್ನ ಯಜಮಾನಿಕೆಗೆ ನಾಚಿಕೆಯಾಗಬೇಕು. ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಬರೆಯುವ ಅಧಿಕಾರ ನನಗಿದೆ. ಬರೆಯಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಮಹದೇವಯ್ಯ


ಬಂಡೂರು
೨೭ ಜನವರಿ ೧೯೪೪

ಮಹದೇವಯ್ಯನಿಗೆ,

ಬರೆ. ಧಾರಾಳವಾಗಿ ಬರೆ. ಜೊತೆಗೆ ಇದನ್ನೂ ಬರೆ, ಬಂಡೂರಿನಲ್ಲಿ ಆ ದಿನ ಒಬ್ಬರೂ ಸುಳ್ಳು ಹೇಳಲಿಲ್ಲ ಎಂದು. ಮಾರಮ್ಮನ ಮುಂದೆ ಕರ್ಪೂರ ಆರಿಸಿ ಹೇಳುತ್ತೇನೆ.

ಮಂಡ್ಯದ ನಾಲೆ ನೀರು ಕುಡಿದು ಎಲ್ಲ ಮರೆತೆಯಾ? ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾಗುವ ದಿನ ಏನು ಮಾಡುತ್ತೇವೆ? ಬೇರೆ ಹೋಗುವವನು ಹೊಸದಾಗಿ ಮೂರು ಕಲ್ಲು ಹೂಡಿ, ಮಾರಮ್ಮನ ಗುಡಿಯ ದೀಪದಿಂದ ಬೆಂಕಿ ತಂದು ಹಚ್ಚುತ್ತಾನೆ. ಅಂದಿಗೆ ಒಲೆ ಎರಡಾಯಿತು. ಅಲ್ಲಿಯವರೆಗೆ ಒಂದು ಮನೆಯ ಕೆಂಡದಿಂದ ಎಷ್ಟು ಕಡೆ ಬೇಯಿಸಿದರೂ ಒಲೆ ಒಂದೇ. ಬಾಣಂತಿಗೆ ಹಿತ್ತಲಲ್ಲಿ ನೀರು ಕಾಯಿಸುತ್ತೇವೆ, ಕಣದಲ್ಲಿ ಆಳುಗಳಿಗೆ ಹಿಟ್ಟು ತಿರುವುತ್ತೇವೆ. ಅವೆಲ್ಲ ಬೇರೆ ಬೇರೆ ಮನೆಗಳೇನು? ಮಂಚಮ್ಮ ದಿನಾ ಬೆಳಿಗ್ಗೆ ಬೆರಣಿ ಹಿಡಿದು ಬಂದು ನಮ್ಮ ಒಲೆಯ ಕೆಂಡವನ್ನೇ ತೆಗೆದುಕೊಂಡು ಹೋಗುತ್ತಾಳೆ. ಬೆಂಕಿ ನಮ್ಮದು, ಅವಳು ನಮ್ಮವಳು. ನೀನು ಕೇಳಿದ್ದು ಒಲೆ, ನಾವು ಹೇಳಿದ್ದೂ ಒಲೆ. ಹೊಗೆ ಎಷ್ಟು ಎಂದು ಕೇಳಿದ್ದರೆ ಎಣಿಸಿ ಹೇಳುತ್ತಿದ್ದೆವು.

ಅವಳು ಬೇರೆ ಬೇಯಿಸಿಕೊಳ್ಳುವುದು ನನ್ನ ತಪ್ಪಲ್ಲ. ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೂ ಅವಳಿಗೂ ಒಂದು ಮಾತು ಬಂತು, ಅವಳೇ ಗಡಿಗೆ ಎತ್ತಿಕೊಂಡು ಹಿಂದಕ್ಕೆ ಹೋದಳು. ಕಾಳು ಬೇಕಾದರೆ ಅತ್ತಿಗೆಯನ್ನು ಕೇಳಿದರಾಯಿತು. ಕೇಳಬೇಡ ಎಂದವರು ಯಾರು? ನಾನಂತೂ ಅಲ್ಲ.

ಲಿಂಗಯ್ಯ


ಬಂಡೂರು
೧೪ ಫೆಬ್ರವರಿ ೧೯೪೪

ಮಹದೇವಯ್ಯನವರಿಗೆ ಮಂಚಮ್ಮ ಬರೆಯುವುದು.

ನನಗೆ ಬರೆಯಲು ಬರುತ್ತದೆ ಎಂದು ನೀವು ಮರೆತಿರಬಹುದು. ನೀವೂ ಅಣ್ಣನೂ ಸ್ಲೇಟಿನ ಮೇಲೆ ತಿದ್ದುವಾಗ ನಾನು ಒಲೆಯ ಮುಂದೆ ಬೂದಿ ಹರಡಿಕೊಂಡು ಅದರ ಮೇಲೆ ತಿದ್ದುತ್ತಿದ್ದೆ. ಅಕ್ಷರ ಸೊಟ್ಟಗಿದ್ದರೆ ಬೂದಿಯದೇ ತಪ್ಪು.

ನಿಮ್ಮ ಕಾಗದಗಳನ್ನು ಅಣ್ಣ ಗಟ್ಟಿಯಾಗಿ ಓದುತ್ತಾನೆ, ತನ್ನದನ್ನೂ ಓದಿಕೊಂಡೇ ಬರೆಯುತ್ತಾನೆ. ಎಲ್ಲ ಕೇಳಿಸಿಕೊಂಡೆ. ಎಲ್ಲದರಲ್ಲೂ ನನ್ನ ಹೊಟ್ಟೆಯ ಮಾತೇ. ನನ್ನನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದು ಸಲ, ಅದೂ ಜಗಲಿಯಿಂದ, ಅಣ್ಣನ ಎದುರಿಗೆ. ಬಾಗಿಲ ಹಿಂದೆ ನಿಂತ ಹೆಂಗಸು ಜಗಲಿಗೆ ಬೇರೆ ಏನು ಹೇಳುತ್ತಾಳೆ?

ನಾನು ಹೇಳಿದ್ದು ಸುಳ್ಳಲ್ಲ. ಅಣ್ಣ ಬರೆದದ್ದೂ ಸುಳ್ಳಲ್ಲ. ನಾನು ಅವರ ಮನೆಯ ಕೆಂಡವನ್ನೇ ತರುತ್ತಿದ್ದೆ. ಹೇಗೆ ತರುತ್ತಿದ್ದೆ ಎಂದು ಅವನು ಬರೆಯಲಿಲ್ಲ. ಬೆಳಿಗ್ಗೆ ಬೆರಣಿ ಹಿಡಿದು ಅಡಿಗೆಮನೆಯ ಹೊಸ್ತಿಲ ಹೊರಗೆ ನಿಲ್ಲಬೇಕು. ಅತ್ತಿಗೆ ಕಂಡರೂ ಕಾಣದ ಹಾಗೆ ಪಾತ್ರೆ ಬೆಳಗುತ್ತಾಳೆ. ಆಮೇಲೆ "ಇರು, ಬೂದಿ ಕೆದಕ್ತೀನಿ" ಎನ್ನುತ್ತಾಳೆ. ಆಮೇಲೆ ಕಸ ಗುಡಿಸುತ್ತಾಳೆ. ಬೆಂಕಿಗೇ ಅಷ್ಟು ನಿಂತವಳು ಕಾಳಿಗೆ ಎಷ್ಟು ನಿಲ್ಲಬೇಕು ಹೇಳಿ. ಅದಕ್ಕೇ ನಾನು ಕಾಳು ಕೇಳಲಿಲ್ಲ. ನುಚ್ಚು ಕುಡಿದದ್ದಕ್ಕೆ ನನಗೆ ದುಃಖವಿಲ್ಲ, ನಿಂತದ್ದಕ್ಕೆ ದುಃಖವಿದೆ.

ಮೊನ್ನೆ ಶುಕ್ರವಾರ ಮಾರಮ್ಮನ ಗುಡಿಗೆ ಹೋಗಿ ದೀಪದಿಂದ ಬೆಂಕಿ ತಂದೆ. ಬೀದಿಯಲ್ಲಿ ಬರುವಾಗ ಜನ ಬಾಗಿಲಿಗೆ ಬಂದು ನಿಂತರು. "ಎಂಗ್ಸು ಬೆಂಕಿ ತರದ ಎಲ್ಲಾರ ಕಂಡಿದ್ದೀರಾ? ತವರು ಕಡ್ಕೊಂಡೆ ಕಣಮ್ಮಿ" ಎಂದಳು ದೊಡ್ಡತಾಯಮ್ಮ. ಅಣ್ಣ ಜಗಲಿಯಲ್ಲೇ ಇದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಬೇಡ ಎನ್ನಲಿಲ್ಲ, ಏಳಲೂ ಇಲ್ಲ. ಒಲೆ ಹಚ್ಚಿ ಕೂತು ತುಂಬ ಅತ್ತೆ. ಆಮೇಲೆ ನುಚ್ಚಿನ ಗಂಜಿ ಕಾಯಿಸಿಕೊಂಡು ಕುಡಿದೆ, ಯಾರ ಹೊಸ್ತಿಲಲ್ಲೂ ನಿಲ್ಲದೆ, ಬೆಳಗಿನ ಹೊತ್ತಿಗೇ.

ಈಗ ನನ್ನ ಒಲೆ ಬೇರೆ. ಯಾರನ್ನಾದರೂ ಕಳಿಸಿ ಕೇಳಿಸಿ. ಜಗಲಿಯಿಂದ ಬೇಡ, ನನ್ನ ಗಡಿಗೆಯ ಮುಂದೆ ನಿಂತು ನನ್ನನ್ನೇ ಕೇಳಲಿ. ನೀವು ಬರಬೇಡಿ. ನಿಮ್ಮ ಮೇಲೂ ನನಗೆ ಪೂರಾ ನಂಬಿಕೆಯಿಲ್ಲ. ಹೆಣ್ಣು ಕೇಳಲು ಬಂದಾಗಲೂ ನೀವು ಕೇಳಿಸಿದ್ದು ನಮ್ಮಪ್ಪನನ್ನು, ಎದ್ದು ಹೋದಾಗಲೂ ಸಿಟ್ಟು ತೋರಿಸಿದ್ದು ಅಣ್ಣನಿಗೆ. ಚೀಟಿ ಬಂದರೆ ಅದು ಸರ್ಕಾರದ ರಾಗಿ, ನಿಮ್ಮ ಮನೆಯದಲ್ಲ. ಅದು ನೆನಪಿರಲಿ.

ಮಂಚಮ್ಮ


ಮಂಡ್ಯ
೬ ಮಾರ್ಚ್ ೧೯೪೪

ಮಂಚಮ್ಮನವರಿಗೆ ನಮಸ್ಕಾರ.

ಈ ಕಾಗದ ತರುವ ಜವರಯ್ಯ ನಿಮ್ಮ ಒಲೆಯ ಮುಂದೆಯೇ ನಿಂತು ಕೇಳುತ್ತಾನೆ. ನಾನು ಬರುವುದಿಲ್ಲ.

"ಒಲೆ ಎಷ್ಟು" ಎಂಬ ಪ್ರಶ್ನೆಯನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ "ನೀವು ಬೇಯಿಸುವ ಕಾಳನ್ನು ಅಳೆದುಕೊಳ್ಳುವವರು ನೀವೋ, ಇನ್ನೊಬ್ಬರೋ?" ಎಂದಿದೆ. ಬೇಯಿಸುವ ಪ್ರತಿಯೊಬ್ಬರನ್ನೂ ಅವರು ಬೇಯಿಸುವ ಜಾಗದಲ್ಲೇ ಬೇರೆ ಬೇರೆಯಾಗಿ ಕೇಳತಕ್ಕದ್ದು ಎಂದೂ ಸೇರಿಸಿದೆ. ಸಾಹೇಬರು ಓದಿ, ಇದೇನಯ್ಯಾ ಅಡಿಗೆಮನೆ ಜಗಳ ಎಂದು ನಕ್ಕರು. ನಾನು ನಗಲಿಲ್ಲ. ಸಹಿ ಹಾಕಿದರು. ಸೋಮನಹಳ್ಳಿಯಲ್ಲೂ ಮತ್ತೆ ಮೊದಲಿನಿಂದ ಕೇಳಿಸುತ್ತಿದ್ದೇವೆ.

ನಿಮ್ಮ ಹೆಸರಿಗೆ ಚೀಟಿಯಾದರೆ ನಿಮ್ಮಣ್ಣನಿಗೆ ಬಿಡುವ ಕಾಳಿನಲ್ಲಿ ಒಂದು ಬಾಯಿಯ ಪಾಲು ಹೋಗುತ್ತದೆ. ನಾನು ತಪ್ಪಿಸಲಾರೆ. ಅವನು ಇದನ್ನು ನನ್ನ ಸೇಡು ಎಂದೇ ತಿಳಿಯುತ್ತಾನೆ, ತಿಳಿಯಲಿ. ಪೂರಾ ಅಲ್ಲ ಎಂದು ಹೇಳಲು ನನಗೂ ಧೈರ್ಯವಿಲ್ಲ.

ನಿಮ್ಮ ಅಕ್ಷರ ಸೊಟ್ಟಗಿಲ್ಲ.

ಮಹದೇವಯ್ಯ


ಬಂಡೂರು
೨೩ ಏಪ್ರಿಲ್ ೧೯೪೪

ಮಹದೇವಯ್ಯನಿಗೆ,

ಲೆವಿ ಗಾಡಿ ಬಂದು ಹೋಯಿತು, ಒಂದು ಬಾಯಿಯ ಪಾಲನ್ನು ಸೇರಿಸಿಯೇ ತೆಗೆದುಕೊಂಡು ಹೋಯಿತು. ಮಂಚಮ್ಮನಿಗೆ ಚೀಟಿಯೂ ಬಂತು. ನನ್ನ ಹೊಲದ ರಾಗಿ ಮಳವಳ್ಳಿಗೆ ಹೋಗಿ, ಅಗ್ಗದ ರಾಗಿಯಾಗಿ ನನ್ನ ಕೊಟ್ಟಿಗೆಯ ಹಿಂದಕ್ಕೇ ವಾಪಸು ಬರುತ್ತದೆ. ಸರ್ಕಾರದ ಬುದ್ಧಿಗೆ ಏನು ಹೇಳೋಣ! ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಹೋದ ವಾರ ಹರಕೆ ತೀರಿಸಲು ಮನೆಮಂದಿಯೆಲ್ಲ ಮುತ್ತತ್ತಿಗೆ ಹೋಗಿ ಒಂದು ದಿನ ಉಳಿದು ಬಂದೆವು. ಮಂಚಮ್ಮನನ್ನು ಕರೆಯಲಿಲ್ಲ. ಗುಡಿಯಿಂದ ಬೆಂಕಿ ತಂದ ಮೇಲೆ ನಾನು ಅವಳನ್ನು ಮಾತಾಡಿಸಿರಲಿಲ್ಲ. ಹಿಂದೆಲ್ಲ ನಾವು ಊರಿಗೆ ಹೋದಾಗ ಅವಳೇ ನಮ್ಮ ಒಲೆಗೆ ಬೆರಣಿ ಮುಚ್ಚಿ ಕೆಂಡ ಕಾಯುತ್ತಿದ್ದಳು. ಅವಳ ಬೆಂಕಿಯೂ ಅದೇ ಆಗಿತ್ತಲ್ಲ. ಈ ಸಲ ಕಾಯುವವರಿರಲಿಲ್ಲ. ಬಂದು ನೋಡಿದರೆ ಒಲೆ ತಣ್ಣಗೆ ಕೂತಿತ್ತು. ಯುದ್ಧ ಶುರುವಾದ ಮೇಲೆ ಬೆಂಕಿಪೆಟ್ಟಿಗೆಯನ್ನು ಯಾರು ಕಂಡಿದ್ದಾರೆ? ಅಕ್ಕಪಕ್ಕದವರೆಲ್ಲ ಹೊಲಕ್ಕೆ ಹೋಗಿದ್ದರು. ಮಕ್ಕಳು ಹಸಿವು ಎಂದು ರಾಗ ತೆಗೆದರು. ಚಿಕ್ಕಲಕ್ಷ್ಮಮ್ಮ ನನ್ನ ಮುಖ ನೋಡಿದಳು. ಆಮೇಲೆ ಬೆರಣಿ ಎತ್ತಿಕೊಂಡು ಕೊಟ್ಟಿಗೆಯ ಹಿಂದಕ್ಕೆ ಹೋದಳು.

ನಾನು ಜಗಲಿಯ ಮೇಲೆ ಕೂತೆ. ಇವಳು ಬರಿಗೈಯಲ್ಲಿ ಬರುತ್ತಾಳೆ, ಇಲ್ಲವೇ ಮಂಚಮ್ಮ ಅಲ್ಲಿ ನಿಲ್ಲಿಸಿ ನಾಲ್ಕು ಮಾತು ಕೇಳಿಸಿ ಕಳಿಸುತ್ತಾಳೆ ಎಂದು ನನ್ನ ಅನುಮಾನ. ಒಂದು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ತಿರುಗಿ ಬಂದಳು. ಬೆರಣಿಯ ಮೇಲೆ ಕೆಂಡ ನಿಗಿನಿಗಿ ಎನ್ನುತ್ತಿತ್ತು. ಅವಳ ಕಣ್ಣಲ್ಲಿ ನೀರು. ಹೊಗೆಯೇನೋ ಎಂದುಕೊಂಡೆ.

"ಏನಂದ್ಲು?" ಎಂದು ಕೇಳಿದೆ.

"ಏನೂ ಅನ್ನಿಲ್ಲ. ಕಂಡೇಟ್ಗೆ ಎದ್ದು ತಕ್ಕೊಟ್ಬುಟ್ಲು. ಕಾಯಿಸ್ನೇ ಇಲ್ಲ ಕಣಿ" ಎಂದಳು. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಬೆಂಕಿಗೆ ನಿಲ್ಲಿಸಿ ಕಾಯಿಸುವುದು ಎಂದರೇನು ಎಂದು ನಾನು ಕೇಳಬೇಕಾಗಿರಲಿಲ್ಲ. ಅಡಿಗೆಮನೆಯ ಹೊಸ್ತಿಲು ನನ್ನ ಜಗಲಿಯಿಂದ ಕಾಣುತ್ತದೆ ಮಹದೇವ. ದಿನಾ ಬೆಳಿಗ್ಗೆ ನಾನು ಅಲ್ಲೇ ಕೂತು ಎಲೆ ಹಾಕುತ್ತಿದ್ದೆ, ನನ್ನ ತಂಗಿ ಅಲ್ಲಿ ನಿಂತಿರುತ್ತಿದ್ದಳು. ಅತ್ತಿಗೆಯ ಹತ್ತಿರ ಏನೋ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದೆ. ನಾನು ಎಂಥ ಅಣ್ಣ! ಸಂಕಟವಾಗುತ್ತದೆ.

ಆ ಚೀಟಿಯನ್ನು ಮಾತ್ರ ರದ್ದು ಮಾಡಬೇಡ. ಈ ಕಾಗದ ಓದಿ, ಮನೆ ಒಂದಾಯಿತು ಎಂದು ನೀನು ಬರೆದುಬಿಟ್ಟೀಯ ಎಂದು ಭಯ. ನಿನ್ನ ಮೇಲೆ ನನಗೆ ಈಗಲೂ ಅಷ್ಟು ನಂಬಿಕೆಯಿಲ್ಲ. ಮುಂದಿನ ಸಲ ಬಂದರೆ ಉಂಡು ಹೋಗು. ಆಮೇಲೆ ನೋಡೋಣ.

ಆ ದಿನದಿಂದ ನಮ್ಮ ಒಲೆಯಲ್ಲಿ ಉರಿಯುತ್ತಿರುವುದು ಮಂಚಮ್ಮನ ಬೆಂಕಿ. ಕೆಂಡ ಕೊಟ್ಟವರದು ಮನೆ ಎಂಬ ಊರಿನ ಲೆಕ್ಕವನ್ನು ನಾನೇ ನಿನಗೆ ಬರೆದು ತಿಳಿಸಿದ್ದೆ. ಜವರಯ್ಯ ಇನ್ನೊಮ್ಮೆ ಬಂದು ಈ ಮನೆಯ ಯಜಮಾನರು ಯಾರು ಎಂದು ಕೇಳಿದರೆ, ಕೊಟ್ಟಿಗೆಯ ಹಿಂದಕ್ಕೆ ಹೋಗಿ ಕೇಳಪ್ಪ ಎಂದು ಕಳಿಸುತ್ತೇನೆ.

ಇಂತಿ,
ಮಂಚಮ್ಮನ ಅಣ್ಣ
ಲಿಂಗಯ್ಯ